ಗೆಜ್ಜೆ ಕಟ್ಟಿದ ಬೆಕ್ಕು

ಚಿಕ್ಕಬಾಣಾವರದ ಲಕ್ಕಣ್ಣನಿಗೆ ಎಪ್ಪತ್ತು ದಾಟಿತ್ತು. ನಲವತ್ತೈದು ವರ್ಷದ ಸಂಸಾರದಲ್ಲಿ ಅವನು ಹೆಂಡತಿ ಅಂಜನಮ್ಮನಿಗೆ ಅತಿ ಹೆಚ್ಚು ಸಲ ಹೇಳಿದ ಮಾತು ‘ಸುಮ್ಕಿರು’. ಸಿಟ್ಟಿನಿಂದ ಹೇಳುತ್ತಿದ್ದ ಅಂತಲ್ಲ, ಪ್ರೀತಿ ಇರಲಿಲ್ಲ ಅಂತಲೂ ಅಲ್ಲ. ಕೆಲವರಿಗೆ ಮಾತಿನ ಮಧ್ಯೆ ಕೆಮ್ಮುವ ಅಭ್ಯಾಸ ಇರುತ್ತದಲ್ಲ, ಇವನಿಗೆ ಇದು. ಬಿತ್ತನೆ ರಾಗಿಗೆ ಹುಳ ಬಿದ್ದಿದೆ ಅಂದರೆ ಸುಮ್ಕಿರು. ಮಗುವಿಗೆ ಜ್ವರ ಇಳಿದಿಲ್ಲ ಅಂದರೆ ಸುಮ್ಕಿರು. ಎತ್ತು ಮಾರಬೇಡಿ ಅಂದರೆ ಸುಮ್ಕಿರು, ನಿಂಗೇನ್ ಗೊತ್ತು. ಮೂರು ವರ್ಷದ ಹಿಂದೆ ಶ್ರಾವಣದ ಒಂದು ಬೆಳಿಗ್ಗೆ ಅಂಜನಮ್ಮ ಬಚ್ಚಲಿನ ಬಾಗಿಲಲ್ಲಿ ಕುಸಿದು ಬಿದ್ದಳು. ಬಲಗೈ ಬಲಗಾಲು ಸತ್ತವು, ಮಾತು ನಿಂತೇ ಹೋಯಿತು. ದೇವರು ಲಕ್ಕಣ್ಣನ ಮಾತನ್ನು ಇಷ್ಟು ತಡವಾಗಿ, ಇಷ್ಟು ಪೂರ್ತಿಯಾಗಿ ನಡೆಸಿಕೊಟ್ಟ.

ಆಸ್ಪತ್ರೆಯಿಂದ ಕರೆತಂದ ಮೇಲೆ ಅವಳ ಕಬ್ಬಿಣದ ಮಂಚವನ್ನು ಹಿಂದಿನ ಕೋಣೆಯ ಕಿಟಕಿಗೆ ಒತ್ತಿ ಹಾಕಿದರು. ಉರುಳಿ ಬೀಳದಿರಲೆಂದು ಮಂಚದ ಪಕ್ಕಕ್ಕೆ ಒಂದು ಕಂಬಿ ಇತ್ತು. ಕಿಟಕಿಯಾಚೆ ನೋಡಲು ಏನೂ ಇರಲಿಲ್ಲ. ಮಗ ಮಹೇಂದ್ರ ಹಳೆಯ ಹೆಂಚಿನ ಮನೆ ಕೆಡವಿ ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸಿದಾಗ ಉಳಿದ ಮರಳು, ಒಡೆದ ಟೈಲ್ಸು, ತುಕ್ಕು ಹಿಡಿದ ಸಲಾಕೆಗಳು, ಅಷ್ಟೆ. ಇಪ್ಪತ್ತಡಿಗೆ ಮೂವತ್ತಡಿ ಜಾಗ. ಒಂದು ಕಾಲದಲ್ಲಿ ಅಲ್ಲಿ ಕೊಟ್ಟಿಗೆ ಇತ್ತು. ಅಂಜನಮ್ಮ ದಿನವಿಡೀ ಆ ಕಸದ ರಾಶಿಯನ್ನೇ ನೋಡುತ್ತಾ ಮಲಗಿರುವುದನ್ನು ಲಕ್ಕಣ್ಣನಿಗೆ ನೋಡಲಾಗಲಿಲ್ಲ. ಮಗನಿಗೆ ಹೇಳಿ ಹೇಳಿ ಸಾಕಾಗಿ, ಕೊನೆಗೆ ತಾನೇ ಬಾಂಡ್ಲಿ ಹಿಡಿದು ಹದಿನೈದು ದಿನದಲ್ಲಿ ಅದನ್ನೆಲ್ಲ ಹೊತ್ತು ಹಾಕಿದ.

ಮೇಲಿನ ಮಹಡಿಯಲ್ಲಿ ವೇದಾ ಅನ್ನುವ ಟೀಚರು ಬಾಡಿಗೆಗೆ ಇದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವರು, ರಜೆ ಬಂದರೆ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಕೆರೆಯ ಏರಿಯ ಮೇಲೆ ಅಲೆಯುವವರು. ಲಕ್ಕಣ್ಣ ನರ್ಸರಿಯಿಂದ ಹುಲ್ಲುಹಾಸು ತರಿಸಲು ಹೊರಟಾಗ ತಡೆದದ್ದು ಅವರೇ. ಅಂಜನಮ್ಮನಿಗೆ ನೋಡುವುದಕ್ಕೆ ಬೇಕಾಗಿರುವುದು ಬಣ್ಣವಲ್ಲ, ಓಡಾಡುವ ಜೀವ. ಜೀವ ಬರಬೇಕಾದರೆ ಈ ನೆಲದ್ದೇ ಗಿಡ ಇರಬೇಕು ಅಂದರು. ತುಂಬೆ, ಎಕ್ಕ, ಲಕ್ಕಿ, ಕರಿಬೇವು, ನುಗ್ಗೆ ಅಂತ ಚೀಟಿ ಬರೆದುಕೊಟ್ಟರು. ಚೀಟಿ ಓದಿಸಿಕೊಂಡು ಲಕ್ಕಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಆಯುಷ್ಯವೆಲ್ಲ ಹೊಲದಲ್ಲಿ ಬಗ್ಗಿ ಬಗ್ಗಿ ಕಿತ್ತೆಸೆದ ತುಂಬೆಯನ್ನು ಈಗ ರೈಲ್ವೆ ಹಳಿಯ ಪಕ್ಕದಿಂದ ಬೇರುಸಮೇತ ತಂದು ನೀರೆರೆದು ಸಾಕಬೇಕಂತೆ. ನಕ್ಕರೂ ತಂದ. ಉದುರಿದ ಎಲೆ ಗುಡಿಸಬೇಡಿ ಅಂದರು, ಅದನ್ನೂ ಕೇಳಿದ. ಹಾವು ಸೇರಿಕೊಳ್ಳುತ್ತವೆ ಅಂತ ಸೊಸೆ ಸರಳಾ ಒಂದು ವಾರ ಮುಖ ಊದಿಸಿಕೊಂಡು ಓಡಾಡಿದಳು. ಕೊಟ್ಟಿಗೆಯ ಕಾಲದ ಕಲ್ಲುಬಾನಿಯೊಂದು ಗೋಡೆಯ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಉರುಳಿಸಿ ತಂದು ಕಿಟಕಿಗೆ ನೇರವಾಗಿ ಇಟ್ಟು ನೀರು ತುಂಬಿಸಿದ.

ಮೊದಲು ಇರುವೆ ಬಂದವು. ಆಮೇಲೆ ಚಿಟ್ಟೆ, ಆಮೇಲೆ ಬಿಸಿಲಿಗೆ ಮೈಯೊಡ್ಡುವ ಒಂದು ಓತಿಕ್ಯಾತ, ಅಳಿಲಿನ ಒಂದು ಜೋಡಿ. ಮರುವರ್ಷದ ಮುಂಗಾರಿಗೆ ಲಕ್ಕಿ ಗಿಡ ಸೊಂಟದೆತ್ತರ ಬೆಳೆದಾಗ ಆ ಏಳು ಬಂದವು. ಮಣ್ಣಿನ ಬಣ್ಣದ ಹಕ್ಕಿಗಳು, ತಲೆ ಮಾತ್ರ ನರೆತ ಹಾಗೆ ಬೆಳ್ಳಗೆ. ಒಣಗಿದ ಎಲೆಗಳನ್ನು ಕೊಕ್ಕಿನಿಂದ ಮಗುಚಿ ಹಾಕುತ್ತಾ, ಏಳಕ್ಕೆ ಏಳೂ ಒಟ್ಟಿಗೆ ಮಾತಾಡುತ್ತಾ, ಮದುವೆ ಮನೆಯಲ್ಲಿ ತರಕಾರಿ ಹೆಚ್ಚಲು ಕೂತ ಹೆಂಗಸರ ಹಾಗೆ ಗದ್ದಲವೋ ಗದ್ದಲ. ಟೀಚರು ಅವುಗಳ ಹೆಸರು ಹರಟೆಮಲ್ಲ ಅಂದರು. ಒಂದರ ಎಡಗಾಲು ಸೊಟ್ಟಗಿತ್ತು. ಅದು ಕುಪ್ಪಳಿಸುವಾಗ ಒಂದು ಕಡೆಗೆ ವಾಲುತ್ತಿತ್ತು, ಉಳಿದವು ಮುಂದೆ ಹೋಗಿ ಅದಕ್ಕಾಗಿ ನಿಲ್ಲುತ್ತಿದ್ದವು. ಅವತ್ತು ಅಂಜನಮ್ಮನ ಗಂಟಲಿನಿಂದ ಒಂದು ಶಬ್ದ ಬಂತು. ಬಾಯಿಯ ಎಡತುದಿ ಒಂಚೂರು ಮೇಲೆದ್ದಿತು. ಹತ್ತು ತಿಂಗಳಲ್ಲಿ ಮೊದಲನೇ ಸಲ ಅವಳು ನಕ್ಕಿದ್ದಳು. ಲಕ್ಕಣ್ಣ ಬಚ್ಚಲಿಗೆ ಹೋಗಿ, ಸೊಸೆಗೆ ಕೇಳಿಸದಿರಲಿ ಅಂತ ನಲ್ಲಿ ಬಿಟ್ಟುಕೊಂಡು, ಮನಸಾರೆ ಅತ್ತ.

ಅಲ್ಲಿಂದಾಚೆ ಮನೆಯ ದಿನಚರಿಯೇ ಬದಲಾಯಿತು. ಅವಳು ಹೆಚ್ಚು ಹೊತ್ತು ಮಂಪರಿನಲ್ಲಿ ಇರುತ್ತಿದ್ದಳು. ಹಕ್ಕಿ ಬಂದ ಹೊತ್ತಿಗೆ ಅವಳನ್ನು ಎಬ್ಬಿಸಬೇಕು, ಕೈ ಹಿಡಿದು ಅಲ್ಲಾಡಿಸಿದರೆ ಬೆಚ್ಚಿ ಬೀಳುತ್ತಾಳೆ. ಆಗ ನೆನಪಾದದ್ದು ಗೆಜ್ಜೆ. ಮಹೇಂದ್ರ ಹುಟ್ಟಿದ ಮೇಲೆ ಕೊಂಡಿದ್ದ ಕೊನೆಯ ಜೋಡಿ ಎತ್ತನ್ನು ಮಾರುವ ದಿನ ಅಂಜನಮ್ಮ ಅವುಗಳ ಕೊರಳಿನ ಗೆಜ್ಜೆಪಟ್ಟಿಯನ್ನು ಗುಟ್ಟಾಗಿ ಬಿಚ್ಚಿ ರಾಗಿಯ ಗುಡಾಣದಲ್ಲಿ ಹುದುಗಿಸಿಟ್ಟಿದ್ದಳು. ಕೊಂಡವನು ವಾಪಸು ಬಂದು ಕೇಳಿದರೂ ಕೊಟ್ಟಿರಲಿಲ್ಲ. ಚರ್ಮವೆಲ್ಲ ಪುಡಿಯಾಗಿ, ಗಜ್ಜುಗದ ಗಾತ್ರದ ಹಿತ್ತಾಳೆ ಗೆಜ್ಜೆಗಳು ನಾಲ್ಕೇ ಉಳಿದಿದ್ದವು. ಲಕ್ಕಣ್ಣ ಒಂದನ್ನು ಅಟ್ಟದ ಡಬ್ಬಿಗೆ ಹಾಕಿ, ಮೂರನ್ನು ದಾರಕ್ಕೆ ಪೋಣಿಸಿ ಹಿಂಬಾಗಿಲ ಚಿಲಕಕ್ಕೆ ನೇತುಹಾಕಿದ. ಬೆಳಿಗ್ಗೆ ಏಳಕ್ಕೆ ಒಂದು ಸಲ, ಸಂಜೆ ನಾಲ್ಕಕ್ಕೆ ಒಂದು ಸಲ, ತಂಗಳು ಮುದ್ದೆಯ ಚೂರು, ಒಂದು ಹಿಡಿ ನುಚ್ಚು ಬಾನಿಯ ಪಕ್ಕ ಚೆಲ್ಲಿ ಗೆಜ್ಜೆ ಆಡಿಸುತ್ತಿದ್ದ. ಘಲ್ ಘಲ್ ಅಂದರೆ ಅಂಜನಮ್ಮ ಮೆಲ್ಲಗೆ ಕಣ್ಣು ಬಿಡುತ್ತಿದ್ದಳು.

ಗೆಜ್ಜೆ ಆಡಿಸಿದ್ದು ಅವಳಿಗಾಗಿ. ಕಲಿತದ್ದು ಹಕ್ಕಿಗಳೂ ಕೂಡ. ತಿಂಗಳೊಳಗೆ ಹೇಗಾಯಿತೆಂದರೆ, ಇವನು ಚಿಲಕ ಮುಟ್ಟಿ ಘಲ್ ಅನ್ನಿಸಿದರೆ ಸಾಕು, ಆಚೆ ಬೀದಿಯ ಹೊಂಗೆ ಮರದಲ್ಲಿದ್ದ ಏಳೂ ಕಿಚಪಿಚ ಅನ್ನುತ್ತಾ ನೇರ ನೆಲಕ್ಕೆ ಇಳಿಯುತ್ತಿದ್ದವು. ಹಾಲಿನವನು ಬಂದರೆ ಅವನಿಗೆ ತೋರಿಸಿದ, ಬೀಗರು ಬಂದರೆ ಅವರಿಗೆ ತೋರಿಸಿದ. ಮಹೇಂದ್ರ ಫೋನಿನಲ್ಲಿ ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸಿದ. ಲಕ್ಕಣ್ಣನ ಜಂಬ ಹೇಳತೀರದು. ಎತ್ತು ಮಾರಿದ ಮೇಲೆ ಅವನ ಮಾತು ಕೇಳುವ ಜೀವ ಈ ಭೂಮಿಯ ಮೇಲೆ ಇದ್ದದ್ದು ಆ ಏಳೇ.

ಬೆಕ್ಕು ಬಂದದ್ದು ಇಲಿಗಾಗಿ. ಮೋರಿಯ ಕಡೆಯಿಂದ ಹೆಗ್ಗಣ ನುಗ್ಗಿ ಅಡುಗೆಮನೆಯ ಬೇಳೆ ಡಬ್ಬಿಯನ್ನೇ ಕೊರೆದಾಗ ಸರಳಾ ಹೆಸರಘಟ್ಟದ ತವರಿನಿಂದ ಕೇಸರಿ ಬಣ್ಣದ ಮರಿಯೊಂದನ್ನು ಬುಟ್ಟಿಯಲ್ಲಿ ತಂದಳು. ಅದಕ್ಕೇನೂ ಹೆಸರಿಡಲಿಲ್ಲ. ಎಂಟು ತಿಂಗಳಲ್ಲಿ ಬಲಿತು ಗಡವನಾಯಿತು. ಹೆಗ್ಗಣ ಮಾಯವಾದವು. ಮಧ್ಯಾಹ್ನ ಹೊತ್ತು ಅಂಜನಮ್ಮನ ಸತ್ತ ಕಾಲಿನ ಮೇಲೆ ಸುರುಳಿ ಸುತ್ತಿಕೊಂಡು ಮಲಗುತ್ತಿತ್ತು, ಅವಳು ಎಡಗೈಯಿಂದ ಅದರ ಬೆನ್ನು ಸವರುತ್ತಿದ್ದಳು. ಇಷ್ಟೇ ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬೆಕ್ಕು ಬೆಕ್ಕೇ. ಒಂದು ದಿನ ಓತಿಕ್ಯಾತನ ಬಾಲ ಹೊಸ್ತಿಲ ಮೇಲೆ ಸಿಕ್ಕಿತು. ಇನ್ನೊಂದು ದಿನ ಅಳಿಲಿನ ಮರಿ, ಕಣ್ಣೂ ಬಿಟ್ಟಿರಲಿಲ್ಲ, ತುಳಸಿಕಟ್ಟೆಯ ಹತ್ತಿರ ಬಿದ್ದಿತ್ತು.

ಬಾಲ್ಕನಿಯಿಂದ ಅದನ್ನು ಕಂಡ ಟೀಚರು ಇಳಿದು ಬಂದರು. ಬೈಯಲಿಲ್ಲ, ಅವರು ಬೈಯುವವರಲ್ಲ.

“ಬೆಳಿಗ್ಗೆ ಸಾಯಂಕಾಲ ಬೆಕ್ಕನ್ನ ಒಳಗೆ ಕೂಡಿಹಾಕಿ ಲಕ್ಕಣ್ಣೋರೇ. ಹಕ್ಕಿಗಳು ಕೆಳಗಿಳಿಯೋದು ಅದೇ ಹೊತ್ತಲ್ಲಿ. ಹಕ್ಕೀನ ನಾವೇ ಕರೆದಿದೀವಿ, ಅವುಗಳ ಜೀವ ನಮ್ಮ ಮೇಲಿದೆ.”

“ಬೆಕ್ಕನ್ನ ಯಾರಾದ್ರೂ ಕೂಡಾಕ್ತಾರಾ ಟೀಚರಮ್ಮ? ಅದೇನ್ ಎಮ್ಮೆನಾ, ಗೂಟಕ್ಕೆ ಕಟ್ಟಾಕೆ?”

ಅಂಜನಮ್ಮ ಮಂಚದ ಮೇಲಿನಿಂದ ಇಬ್ಬರನ್ನೂ ನೋಡುತ್ತಿದ್ದಳು. ಅವಳು ಗಂಟಲಿನಲ್ಲಿ ಏನೋ ಅಂದಳು. ಲಕ್ಕಣ್ಣ ಅಭ್ಯಾಸಬಲದಿಂದ ಸುಮ್ಕಿರು ಅಂದ. ಟೀಚರು ಅರ್ಧಗಂಟೆ ಹೇಳಿ ನೋಡಿದರು. ಕೂಡಿಹಾಕಲು ಆಗದೇ ಇದ್ದರೆ ಕೊನೇ ಪಕ್ಷ ಕೊರಳಿಗೊಂದು ಗಂಟೆಯಾದರೂ ಕಟ್ಟಿ, ಹಕ್ಕಿಗೆ ಸುಳಿವು ಸಿಗುತ್ತೆ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ ಅಂದು ಮೇಲೆ ಹೋದರು. ಲಕ್ಕಣ್ಣನ ಕಿವಿ ಗಂಟೆಯ ತನಕ ತೆರೆದಿತ್ತು, ಆಮೇಲಿನದಕ್ಕೆ ಮುಚ್ಚಿತು.

ಪೇಟೆಯಿಂದ ತಂದ ಗಂಟೆ ತಗಡಿನದು, ಎರಡೇ ದಿನಕ್ಕೆ ಅದರ ನಾಲಿಗೆ ಕಳಚಿ ಬಿತ್ತು. ಲಕ್ಕಣ್ಣನಿಗೆ ಪೇಟೆಯ ಸಾಮಾನಿನ ಮೇಲೆ ಯಾವತ್ತೂ ನಂಬಿಕೆ ಇರಲಿಲ್ಲ. ನಾಲ್ಕನೇ ಗೆಜ್ಜೆ ಅಟ್ಟದ ಡಬ್ಬಿಯಲ್ಲಿ ಇತ್ತಲ್ಲ. ಅದನ್ನು ತಂದು, ನೈಲಾನ್ ದಾರಕ್ಕೆ ಏರಿಸಿ, ಬೆಕ್ಕನ್ನು ಮಂಡಿಯ ನಡುವೆ ಅದುಮಿ ಹಿಡಿದು ಕೊರಳಿಗೆ ಕಟ್ಟಿದ. ಎತ್ತಿಗೆ ಹಾಕುವ ಗಂಟು ಹಾಕಿದ. ಎಳೆದಷ್ಟೂ ಗಟ್ಟಿಯಾಗುವ ಗಂಟು ಅದು, ಕತ್ತರಿಸದೆ ಬಿಚ್ಚಿಬರುವುದಿಲ್ಲ. ಬೆಕ್ಕು ಒಂದು ಸಲ ಮೈ ಕೊಡವಿತು. ಘಲ್ ಅಂತು. ಹಳೆಯ ಕಂಚುಗಾರ ಎರಕ ಹೊಯ್ದ ಗೆಜ್ಜೆ, ಎಂಥ ನಾದ ನೋಡು ಅಂತ ಲಕ್ಕಣ್ಣ ಹೆಂಡತಿಗೆ ಹೇಳಿಕೊಂಡು ಖುಷಿಪಟ್ಟ. ಅದೇ ಎರಕ, ಅದೇ ಹಿತ್ತಾಳೆ, ಅದೇ ನಾದ. ಚಿಲಕದಲ್ಲಿ ನೇತಾಡುವ ಮೂರರ ಜೊತೆಗಾರ ಇದು ಅನ್ನುವುದು ಆ ಗಳಿಗೆಯಲ್ಲಿ ಅವನ ತಲೆಗೆ ಹೊಳೆಯಲೇ ಇಲ್ಲ. ಅಷ್ಟು ವರ್ಷ ದನ ಮೇಯಿಸಿದವನಿಗೆ ಇಷ್ಟು ಹೊಳೆಯಬಾರದಿತ್ತೇ ಅಂದರೆ, ಹೌದು, ಹೊಳೆಯಬೇಕಿತ್ತು.

ಎಂಟು ದಿನಕ್ಕೆ ಹಕ್ಕಿಗಳು ಆರಾದವು. ಲಕ್ಕಿ ಗಿಡದ ಬುಡದಲ್ಲಿ ಮಣ್ಣು ಬಣ್ಣದ ಪುಕ್ಕ ಚೆದುರಿತ್ತು. ಲಕ್ಕಣ್ಣನಿಗೆ ಬೆಕ್ಕಿನ ಮೇಲೆ ಅನುಮಾನವೇ ಬರಲಿಲ್ಲ, ಅದರ ಕೊರಳಲ್ಲಿ ಗೆಜ್ಜೆ ಇದೆಯಲ್ಲ. ಇದು ಮುಂಗುಸಿಯದೇ ಕೆಲಸ ಅಂತ ತೀರ್ಮಾನಿಸಿದ. ಪಕ್ಕದ ಖಾಲಿ ಸೈಟಿನ ಕಡೆಯ ಗೋಡೆಯ ತೂತುಗಳಿಗೆಲ್ಲ ಸಿಮೆಂಟು ಮೆತ್ತಿದ. ಸೊಂಟ ಹಿಡಿದುಕೊಂಡು ಎರಡು ದಿನ ಮಲಗಿದ.

ಅಂಜನಮ್ಮನ ಹೊಸ ಚಾಳಿ ಶುರುವಾದದ್ದು ಆಗಲೇ. ಹೊತ್ತಲ್ಲದ ಹೊತ್ತಿನಲ್ಲಿ, ಮಧ್ಯಾಹ್ನ ಎರಡಕ್ಕೋ ಮೂರಕ್ಕೋ, ಅವಳು ಎಡಗೈಯನ್ನು ಎತ್ತಿ ಮಂಚದ ಕಂಬಿಗೆ ಬಡಿಯತೊಡಗಿದಳು. ಕೈತುಂಬ ಹಸಿರು ಗಾಜಿನ ಬಳೆ ಇದ್ದವು. ಬಳೆ ಕಂಬಿಗೆ ತಾಕಿ ಠಣ ಠಣ ಅನ್ನುತ್ತಿತ್ತು, ಗಂಟಲಿನಲ್ಲಿ ಒಂದು ಬಗೆಯ ಗೊಗ್ಗರ ಕೂಗು. ಎರಡು ಬಳೆ ಒಡೆದು ಮುಂಗೈ ಕೊಯ್ದುಕೊಂಡಿತು. ಸರಳಾ ಗಾಜಿನವನ್ನು ಬಿಚ್ಚಿ ಪ್ಲಾಸ್ಟಿಕ್ಕಿನವನ್ನು ತೊಡಿಸಿದಳು. ಆದರೂ ಬಡಿಯುವುದು ನಿಲ್ಲಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದರೆ, ಇಂಥ ರೋಗಿಗಳಿಗೆ ಕೆಲವು ಸಲ ಮನಸ್ಸು ಕೆರಳುತ್ತದೆ, ನಿದ್ದೆ ಮಾತ್ರೆ ಕೊಡಿ ಅಂದರು. ಲಕ್ಕಣ್ಣ ತನ್ನದೇ ಲೆಕ್ಕ ಹಾಕಿದ. ಹಕ್ಕಿ ಕಂಡರೆ ಇವಳಿಗೆ ಸಂತೋಷ, ಸಂತೋಷ ತಡೆಯಲಾರದೆ ಬಡಿಯುತ್ತಾಳೆ, ಆ ಸದ್ದಿಗೆ ಹಕ್ಕಿಗಳು ಪುರ್ರಂತ ಹಾರಿಹೋಗುತ್ತವೆ. ಹೀಗೇ ಆದರೆ ಒಂದು ದಿನ ಅವು ಬರುವುದನ್ನೇ ಬಿಟ್ಟಾವು, ಆಮೇಲೆ ಇವಳಿಗೆ ಯಾರಿದ್ದಾರೆ?

ಅವನು ತನ್ನ ಹಳೆಯ ಟವೆಲ್ಲನ್ನು ತಂದು ಕಂಬಿಗೆ ಉದ್ದಕ್ಕೂ ಸುತ್ತಿದ, ಮೂರು ಕಡೆ ಹುರಿಯಿಂದ ಬಿಗಿದ. ಅಂಜನಮ್ಮ ಅವನ ಕೈಯನ್ನು ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಅವನು ಸ್ವಲ್ಪ ಬಲ ಹಾಕಬೇಕಾಯಿತು.

“ಸುಮ್ಕಿರೇ, ಬೆದರ್ತವೆ. ನಿಂಗೋಸ್ಕರನೇ ಅಲ್ವಾ ನಾನ್ ಇದೆಲ್ಲ ಮಾಡ್ತಿರೋದು?”

ಅವಳ ಕಣ್ಣಲ್ಲಿ ನೀರು ಬಂತು. ಅದನ್ನೂ ಅವನು ಪ್ರೀತಿಯ ನೀರು ಅಂದುಕೊಂಡ. ಪಾಪ, ಅದು ಪೂರ್ತಿ ಸುಳ್ಳೂ ಅಲ್ಲವೇನೋ.

ಇನ್ನು ಹತ್ತು ದಿನಕ್ಕೆ ಹಕ್ಕಿಗಳು ಐದಾದವು. ಗಂಜಿ ಕುಡಿಸಲು ಹೋದರೆ ಅಂಜನಮ್ಮ ತುಟಿ ಬಿಗಿಯುತ್ತಿದ್ದಳು. ಬೆಕ್ಕು ಕಾಲಿನ ಮೇಲೆ ಮಲಗಲು ಬಂದರೆ ಎಡಗೈಯಿಂದ ತಳ್ಳುತ್ತಿದ್ದಳು. ಅವಳ ಅಂಗೈಯ ಅಂಚು ಕಪ್ಪುಗಟ್ಟಿ ಬಾತುಕೊಂಡಿತ್ತು. ಲಕ್ಕಣ್ಣ ಪ್ರತಿ ರಾತ್ರಿ ಅದಕ್ಕೆ ಹರಳೆಣ್ಣೆ ಹಚ್ಚಿ, ಯಾಕೆ ಇಂಗೆ ಮಾಡ್ಕೊಂತಿ ಅಂತ ಗೊಣಗುತ್ತಾ ನೀವುತ್ತಿದ್ದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಒಬ್ಬ ಮನುಷ್ಯನ ಕಣ್ಣಿಗೆ ಹೇಳಲು ಇನ್ನೇನು ಉಳಿದಿರುತ್ತದೆ, ಎಲ್ಲವನ್ನೂ ಹೇಳಿದ್ದಳು. ಓದಲು ಬಾರದವನ ಮುಂದೆ ಕಾಗದ ಹಿಡಿದರೆ ಏನು ಬಂತು.

ಆ ದಿನ ಬುಧವಾರ. ಸರಳಾ ಮತ್ತೀಕೆರೆಗೆ ತಂಗಿಯ ಮನೆಗೆ ಹೋಗಿದ್ದಳು. ಮಧ್ಯಾಹ್ನ ಮೂರರ ಹೊತ್ತು, ಲಕ್ಕಣ್ಣ ಹಿತ್ತಿಲಿನಲ್ಲಿ ನುಗ್ಗೆ ಮರದ ಹಿಂದೆ ಕುಕ್ಕರಗಾಲಲ್ಲಿ ಕೂತು ಪಾತಿ ಸರಿಮಾಡುತ್ತಿದ್ದ. ಗೆಜ್ಜೆ ಸದ್ದು ಕೇಳಿಸಿತು. ಘಲ್ ಘಲ್, ಘಲ್ ಘಲ್. ತಲೆಯೆತ್ತಿ ಹಿಂಬಾಗಿಲು ನೋಡಿದ. ಚಿಲಕದಲ್ಲಿ ಮೂರು ಗೆಜ್ಜೆ ಅಲ್ಲಾಡದೆ ನೇತಾಡುತ್ತಿದ್ದವು, ಬಾಗಿಲಲ್ಲಿ ಯಾರೂ ಇರಲಿಲ್ಲ. ಹೊಂಗೆ ಮರದ ಕಡೆ ಕಿಚಪಿಚ ಎದ್ದಿತು. ಐದೂ ಹಾರಿ ಬಂದು ಬಾನಿಯ ಪಕ್ಕ ಇಳಿದವು. ನುಚ್ಚು ಇರಲಿಲ್ಲ. ಅವು ಅತ್ತ ಇತ್ತ ಕತ್ತು ತಿರುಗಿಸಿದವು. ಗೆಜ್ಜೆ ಮತ್ತೆ ಘಲ್ ಅಂತು, ಲಕ್ಕಿ ಗಿಡದ ಬುಡದಿಂದ. ಅಲ್ಲಿ ಬೆಕ್ಕು ಕೂತಿತ್ತು, ಹಿಂಗಾಲಿನಿಂದ ಕೊರಳು ಕೆರೆದುಕೊಳ್ಳುತ್ತಿತ್ತು. ಹಕ್ಕಿಗಳು ಸದ್ದಿದ್ದ ಕಡೆಗೆ ಕುಪ್ಪಳಿಸಿ ಹೋದವು. ಹೆದರಿಕೆಯೇ ಇಲ್ಲದೆ, ಹರಟುತ್ತಾ, ಎಲೆ ಮಗುಚುತ್ತಾ ಹೋದವು. ಆ ಸದ್ದು ಬಂದ ಕಡೆ ಅನ್ನ ಇರುತ್ತದೆ ಅಂತ ಅವುಗಳಿಗೆ ಕಲಿಸಿದವನು ಎಂಟು ಹೆಜ್ಜೆ ದೂರದಲ್ಲಿ ಬಾಯಿ ತೆರೆದುಕೊಂಡು ಕೂತಿದ್ದ.

ಅಷ್ಟರಲ್ಲಿ ಕಿಟಕಿಯೊಳಗಿಂದ ಇನ್ನೊಂದು ಸದ್ದು ಕೇಳಿಸಿತು. ದಪ್ ದಪ್ ದಪ್. ಟವೆಲ್ಲು ಸುತ್ತಿದ ಕಂಬಿಗೆ ಮಾಂಸದ ಕೈ ಬಡಿಯುವ ಸದ್ದು. ಹತ್ತಿರವಿದ್ದ ಅವನಿಗೇ ಸರಿಯಾಗಿ ಕೇಳಿಸದ ಸದ್ದು ಹಕ್ಕಿಗೆಲ್ಲಿ ಕೇಳಿಸೀತು. ಲಕ್ಕಣ್ಣನಿಗೆ ಎಲ್ಲವೂ ಒಂದೇ ಉಸಿರಿನಲ್ಲಿ ಅರ್ಥವಾಯಿತು. ಅವನು ಏಳುವಷ್ಟರಲ್ಲಿ, ಮಂಡಿ ಹಿಡಿದ ಮುದುಕ ಏಳುವಷ್ಟರಲ್ಲಿ, ಬೆಕ್ಕು ನೆಗೆದಿತ್ತು. ನಾಲ್ಕು ಹಾರಿದವು. ಸೊಟ್ಟಗಾಲಿನದು ಹಾರಲಿಲ್ಲ.

ಕೈಗೆ ಸಿಕ್ಕ ಹೆಂಚಿನ ಚೂರನ್ನು ಅವನು ಬೀಸಿ ಎಸೆದ. ಅದು ಬೆಕ್ಕಿನ ಪಕ್ಕೆಗೆ ತಗುಲಿತು. ಬೆಕ್ಕು ಹಕ್ಕಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಗೋಡೆ ಹಾರಿ ಖಾಲಿ ಸೈಟಿನ ಕಡೆ ಹೋಯಿತು. ಘಲ್ ಘಲ್ ಅನ್ನುವುದು ಸ್ವಲ್ಪ ದೂರದ ತನಕ ಕೇಳಿಸಿ ನಿಂತಿತು. ನಾಲ್ಕು ಹಕ್ಕಿಗಳು ನುಗ್ಗೆ ಮರದ ತುದಿಯಲ್ಲಿ ಕೂತು ಅರಚಿದವು, ಅರಚಿದವು, ಗೋಡೆಯ ತನಕ ಹೋಗಿ ವಾಪಸು ಬಂದವು. ಅವು ಯಾರನ್ನು ಕರೆಯುತ್ತಿವೆ ಅನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಲಕ್ಕಣ್ಣ ಒಳಗೆ ಹೋದ. ಅಂಜನಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಿದ್ದಳು. ಅವಳ ಎಡಗೈ ಇನ್ನೂ ಕಂಬಿಯ ಮೇಲಿತ್ತು, ಉಸಿರು ಜೋರಾಗಿತ್ತು. ಅವನು ಮಂಚದ ಪಕ್ಕ ನೆಲದ ಮೇಲೆ ಕೂತ. ಕಪ್ಪುಗಟ್ಟಿದ ಆ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮೂರು ವಾರದಿಂದ ಅವಳು ಮಲಗಿದಲ್ಲಿಂದ ಇದನ್ನೇ ನೋಡಿದ್ದಳು. ಗೆಜ್ಜೆ ಘಲ್ ಅನ್ನುವುದು, ಅವು ನಂಬಿ ಇಳಿಯುವುದು, ಬೆಕ್ಕು ಕಾದಿರುವುದು. ಏಳಲಾರಳು, ಕೂಗಲಾರಳು. ಇದ್ದ ಒಂದು ಕೈಯಿಂದ ಬಡಿದು ಬಡಿದು ಅವುಗಳನ್ನು ಓಡಿಸಿದ್ದಳು. ಎಷ್ಟು ಸಲ ಉಳಿಸಿದ್ದಳೋ ಯಾರಿಗೆ ಗೊತ್ತು. ಅದಕ್ಕೇ ಗಂಡ ಟವೆಲ್ಲು ಸುತ್ತಿದ್ದ.

“ಇದನ್ನೇನೇ ನೀನ್ ಹೇಳ್ತಿದ್ದದ್ದು?” ಅಂದ. “ಇಷ್ಟ್ ದಿನದಿಂದ ಇದನ್ನೇನಾ?”

ಅವಳು ತಿರುಗಲಿಲ್ಲ. ಅವನು ಹಣೆಯನ್ನು ಆ ಕೈಗೆ ಒತ್ತಿ ಅತ್ತ. ಈ ಸಲ ನಲ್ಲಿ ಬಿಡಲು ಹೋಗಲಿಲ್ಲ. ಬಿತ್ತನೆ ರಾಗಿಗೆ ಅವತ್ತು ನಿಜವಾಗಿಯೂ ಹುಳ ಬಿದ್ದಿತ್ತು ಅನ್ನುವುದು ನೆನಪಾಯಿತು. ಮಗುವಿನ ಜ್ವರ ಟೈಫಾಯ್ಡ್ ಆಗಿತ್ತು. ಎತ್ತು ಕೊಂಡವನು ಸಾಕುವವನಾಗಿರಲಿಲ್ಲ. ಅವಳು ಹೇಳಿದ್ದು ಒಂದಾದರೂ ಸುಳ್ಳಾಗಿತ್ತೇ ಅಂತ ಹುಡುಕಿದ, ಒಂದೂ ಸಿಗಲಿಲ್ಲ.

ಸಂಜೆ ಮಹೇಂದ್ರ ಬಂದಾಗ ಅಪ್ಪ ಕಂಬಿಯ ಹುರಿಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿದ್ದ. ಚಿಲಕದ ಗೆಜ್ಜೆಗಳನ್ನು ಆಗಲೇ ಕಿತ್ತು ಬಟ್ಟೆಯಲ್ಲಿ ಸುತ್ತಿ ಗುಡಾಣದ ತಳಕ್ಕೆ ಹಾಕಿಬಿಟ್ಟಿದ್ದ. ಆದರೆ ನಾಲ್ಕನೆಯದು ಬೆಕ್ಕಿನ ಕೊರಳಲ್ಲಿತ್ತು. ಬೆಕ್ಕು ಮನೆಗೆ ಬರಲಿಲ್ಲ. ಹೆಂಚಿನ ಪೆಟ್ಟು ತಿಂದದ್ದು ಮತ್ತೇಕೆ ಬಂದೀತು. ಸರಳಾ ಒಣಮೀನು ಹಿಡಿದು ಖಾಲಿ ಸೈಟಿನಲ್ಲೆಲ್ಲ ಕೂಗಿದಳು. ಲಕ್ಕಣ್ಣ ಮೂರು ದಿನ ಕತ್ತರಿ ಹಿಡಿದು ಬೀದಿ ಬೀದಿ ಅಲೆದ. ಸ್ಟೇಷನ್ ರಸ್ತೆಯಲ್ಲಿ ಒಂದು ಸಲ, ಮೋರಿಯ ಪಕ್ಕ ಒಂದು ಸಲ ಕಂಡಿತು. ಕಂಡ ಕೂಡಲೇ ಓಡಿತು. ಎಳೆದಷ್ಟೂ ಗಟ್ಟಿಯಾಗುವ ಗಂಟು, ಅದು ತಾನಾಗಿ ಬಿಚ್ಚುವುದಿಲ್ಲ ಅನ್ನುವುದು ಕಟ್ಟಿದವನಿಗೇ ಚೆನ್ನಾಗಿ ಗೊತ್ತಿತ್ತು. ಟೀಚರು ಎಲ್ಲ ಕೇಳಿದರು. ನಾನು ಹೇಳಿದ್ದೆನಲ್ಲ ಅಂತ ಅನ್ನಲಿಲ್ಲ. ಹಕ್ಕಿಗಳು ಆ ಸದ್ದಿಗೆ ಹೆದರುವುದನ್ನು ಮತ್ತೆ ಕಲಿಯಬೇಕು, ಕಲಿಯುವ ತನಕ ಉಳಿಯಬೇಕಲ್ಲ ಅಂದರು.

ನಾಲ್ಕನೇ ದಿನ ಬೆಳಿಗ್ಗೆ ಲಕ್ಕಣ್ಣ ಹೆಂಡತಿಯ ತಲೆಗೆ ಎರಡು ದಿಂಬು ಕೊಟ್ಟು ಕಿಟಕಿಯ ಕಡೆ ತಿರುಗಿಸಿ ಮಲಗಿಸಿದ್ದ. ನುಚ್ಚು ಚೆಲ್ಲಿರಲಿಲ್ಲ, ಗೆಜ್ಜೆ ಆಡಿಸಿರಲಿಲ್ಲ. ಆದರೂ ಏಳಕ್ಕೆ ಸರಿಯಾಗಿ ನಾಲ್ಕೂ ಬಂದು ನುಗ್ಗೆಯ ಕೊಂಬೆಯಲ್ಲಿ ಕೂತವು. ಅಂಜನಮ್ಮನ ಬಾಯಿಯ ಎಡತುದಿ ಮೇಲೆದ್ದಿತು. ಬುಧವಾರದ ನಂತರ ಅವಳ ಮುಖದಲ್ಲಿ ಅಷ್ಟು ಬೆಳಕು ಬಂದಿರಲಿಲ್ಲ. ಲ‌ಕ್ಕಣ್ಣನ ಎದೆ ತುಂಬಿತು. ಏನೋ ಒಂದಿಷ್ಟು ಉಳಿಯಿತು ಅಂದುಕೊಂಡ.

ಆಗ ಗೋಡೆಯಾಚೆ ಖಾಲಿ ಸೈಟಿನ ಪೊದೆಯಿಂದ ಘಲ್ ಅಂತು.

ನಾಲ್ಕೂ ಕತ್ತು ಎತ್ತಿದವು. ಒಂದು ಕಿಚ್ ಅಂತು, ಇನ್ನೊಂದು ಉತ್ತರ ಕೊಟ್ಟಿತು. ಮೊದಲನೆಯದು ಕೊಂಬೆಯಿಂದ ಗೋಡೆಯ ಮೇಲಕ್ಕೆ ಇಳಿಯಿತು.

ಅಂಜನಮ್ಮನ ಕೈ ಎದ್ದಿತು. ಬಾತ ಕೈ, ಕಂಬಿಗೆ ಮುಟ್ಟಿಸಿದರೂ ಪ್ರಾಣ ಹೋಗುವಷ್ಟು ನೋವು. ಅವಳು ಬಡಿದಳು. ಬಡಿದು ಗಂಡನ ಮುಖ ನೋಡಿದಳು, ಇನ್ನೇನು ಸುಮ್ಕಿರು ಅನ್ನುತ್ತಾನೆ ಅನ್ನುವ ಹಾಗೆ.

ಲಕ್ಕಣ್ಣ ಗಂಜಿಯ ತಟ್ಟೆಯನ್ನು ಎತ್ತಿಕೊಂಡ. ಉಳಿದ ಗಂಜಿ ನೆಲಕ್ಕೆ ಚೆಲ್ಲಿತು. ಸ್ಟೀಲಿನ ಚಮಚದಿಂದ ತಟ್ಟೆಯನ್ನು ಬಡಿಯುತ್ತಾ ಹಿಂಬಾಗಿಲಿಗೆ ಓಡಿದ.

“ಬಡಿಯೇ ಅಂಜೂ,” ಅಂದ. “ನಿಲ್ಲುಸ್ಬೇಡ, ಬಡಿ.”

ಒಳಗೆ ಅವಳು ಕಂಬಿಯನ್ನು, ಹೊರಗೆ ಅವನು ತಟ್ಟೆಯನ್ನು ಬಡಿದರು. ಬೀದಿಯ ಜನ ಏನಾಯಿತೋ ಅಂತ ಕಿಟಕಿ ತೆರೆದು ನೋಡಿದರು. ನಾಲ್ಕು ಹಕ್ಕಿಗಳು ಗಾಬರಿಬಿದ್ದು ಎದ್ದವು, ಕಟ್ಟಡದ ಮೇಲೆ ಒಂದು ಸುತ್ತು ಹಾಕಿ ಕೆರೆಯ ಕಡೆಗೆ ಹಾರಿದವು. ಅವು ಕಣ್ಣಿಗೆ ಕಾಣದ ಹಾಗೆ ಆದ ಮೇಲೂ ಇಬ್ಬರೂ ಬಹಳ ಹೊತ್ತು ಬಡಿಯುತ್ತಲೇ ಇದ್ದರು. ಮರುದಿನ ಏಳಕ್ಕೆ ಅವು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಲಕ್ಕಣ್ಣ ದಿನಾ ಬಾನಿಗೆ ನೀರು ತುಂಬಿಸಿ ಬಂದು, ಮಂಚದ ಪಕ್ಕ ಕೂತು, ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಅವು ಬಾರದೇ ಇರಲಿ ಅಂತ ಅವಳ ಜೊತೆ ಕಾಯುತ್ತಾನೆ.